ಜಾಕ್‌ವೆಲ್ಲಿನ ತಳಕ್ಕಿಳಿಯುವ ಯಂತ್ರ: ಕೃಷ್ಣಾ ತೀರದಲ್ಲೊಂದು ಹೊಸ ಸೇವಾ ಉದ್ದಿಮೆ

ರಾಯಬಾಗ ತಾಲೂಕಿನ ಚಿಂಚಲಿಯಿಂದ ಕುಡಚಿ, ಉಗಾರಗಳವರೆಗೆ ಕಬ್ಬಿನ ಬೆಳೆ, ಸಕ್ಕರೆ ಕಾರ್ಖಾನೆ, ಕುಡಿಯುವ ನೀರಿನ ಯೋಜನೆಗಳಿಗೆ ಕೃಷ್ಣೆಯೇ ಆಧಾರ. ನದಿಯಿಂದ ಜಾಕ್‌ವೆಲ್ಲಿಗೆ ನೀರು ತರುವ ಕೊಳವೆಯ ಬಾಯಿಗೆ ಹೂಳು, ಕಸಕಡ್ಡಿ ಕಟ್ಟಿಕೊಂಡಾಗ ಈಜುಬಲ್ಲ ಕೂಲಿಕಾರನನ್ನು ಹಗ್ಗ ಕಟ್ಟಿ ಇಳಿಸುವ ಪರಿಪಾಠ ಹಲವೆಡೆ ಇದೆ. ಪಂಪು ನಿಲ್ಲಿಸದೆ ಇಳಿಸಿದಲ್ಲಿ ಕೊಳವೆಯ ಸೆಳೆತಕ್ಕೆ ಸಿಕ್ಕವನು ಮೇಲೆ ಬರುವುದು ದುಸ್ತರ. ಈ ಅಪಾಯದ ಬೆಲೆಯು ಯಾವ ಖರ್ಚಿನ ಬಾಬಿನಲ್ಲಿಯೂ ನಮೂದಾಗುವುದಿಲ್ಲ.

ಮನುಷ್ಯನಿಗಿಂತ ಮೊದಲು ಇಳಿದು ನೋಡಿ ಬರಬಲ್ಲ ಸಾಧನವೇ ನೀರಿನಡಿಯ ದೂರನಿಯಂತ್ರಿತ ವಾಹನ, ಅಂದರೆ ಆರ್‌ಒವಿ. ರೇಡಿಯೋ ಅಲೆಗಳು ನೀರಿನಲ್ಲಿ ಬಹುದೂರ ಸಾಗವು. ಆದುದರಿಂದ ದಡದಲ್ಲಿರುವ ಚಾಲಕನ ಆದೇಶವೂ ಕ್ಯಾಮೆರಾದ ಚಿತ್ರವೂ ಕೇಬಲ್ ಮೂಲಕವೇ ಸಂಚರಿಸುತ್ತವೆ. ಅಮೆರಿಕದ ಬ್ಲೂ ರೊಬೊಟಿಕ್ಸ್ ಸಂಸ್ಥೆಯ ಬ್ಲೂಆರ್‌ಒವಿ-2 ಸುಮಾರು 11 ಕಿಲೋ ತೂಗುತ್ತದೆ; ಅದರ ಸಾಧಾರಣ ಮಾದರಿ 100 ಮೀಟರ್ ಆಳದವರೆಗೆ ಇಳಿಯುತ್ತದೆ. ಭಾರತದಲ್ಲಿ ಕೊಚ್ಚಿಯ ಐರೋವ್, ಮದರಾಸು ಐಐಟಿಯಲ್ಲಿ ಹುಟ್ಟಿದ ಪ್ಲಾನಿಸ್ ಸಂಸ್ಥೆಗಳು ಇಂತಹ ವಾಹನಗಳನ್ನು ತಯಾರಿಸುತ್ತವೆ. ಚೌಕಟ್ಟು, ಕೇಬಲ್ ಸುತ್ತುವ ಡ್ರಮ್ಮುಗಳಂತಹ ಭಾಗಗಳು ಬೆಳಗಾವಿಯ ಯಂತ್ರಾಗಾರಗಳ ಕೈಗೆ ಮೀರಿದವಲ್ಲ.

ಆದರೆ ಮಾರಾಟಗಾರರು ಸುಲಭವಾಗಿ ಹೇಳದ ಮಾತೂ ಇದೆ. ಮಳೆಗಾಲದ ಕೃಷ್ಣೆಯ ಕೆಂಪು ನೀರಿನಲ್ಲಿ ಕ್ಯಾಮೆರಾ ಕುರುಡು. ಸೋನಾರ್ ಜೋಡಿಸಿದರೆ ಆಕಾರಗಳು ತಿಳಿದಾವು; ವೆಚ್ಚ ಮಾತ್ರ ಬಹುವಾಗಿ ಏರುತ್ತದೆ. ಸೆಳವು ಹೆಚ್ಚಿದ್ದಲ್ಲಿ ಕೇಬಲ್ಲೇ ವಾಹನವನ್ನು ಎಳೆದೊಯ್ಯುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿ ಸೇರಿದಾಗ, ನೌಕಾಪಡೆಯ ಮುಳುಗುಗಾರರಿಗೂ ಪ್ರವಾಹವೇ ಅಡ್ಡಿಯಾಯಿತು. ಹೂಳೆತ್ತುವ ಯಂತ್ರ ತಂದು, ಸೆಪ್ಟೆಂಬರ್ 25ರಂದು ಲಾರಿಯನ್ನು ಹೊರತೆಗೆಯಬೇಕಾಯಿತು. ಅಂತಹ ನೀರಿನಲ್ಲಿ ಹತ್ತು ಕಿಲೋದ ವಾಹನದಿಂದ ಪವಾಡ ನಿರೀಕ್ಷಿಸುವುದು ತರವಲ್ಲ. ಇದಲ್ಲದೆ ಚಿಕ್ಕ ವಾಹನ ನೋಡಬಲ್ಲುದೇ ಹೊರತು ಹೂಳು ತೆಗೆಯಲಾರದು. ಆದರೂ ತಳದ ಸ್ಥಿತಿ ಮೊದಲೇ ತಿಳಿದರೆ, ಪಂಪು ನಿಲ್ಲಿಸಿ, ಕಡಿಮೆ ಹೊತ್ತಿಗೆ ಮಾತ್ರ ಆಳನ್ನು ಇಳಿಸಬಹುದು.

ಹೀಗಾಗಿ ಈ ಭಾಗದಲ್ಲಿ ಕೆಲಸ ಸಿಗುವುದು ನೀರು ತಿಳಿಯಾದ ಮೇಲೆ, ಕಬ್ಬು ನುರಿಸುವ ಹಂಗಾಮಿನ ಹೊತ್ತಿಗೆ. ಒಂದೇ ಜಾಕ್‌ವೆಲ್ಲಿಗಾಗಿ ವಾಹನ ಕೊಳ್ಳುವುದು ದುಂದು. ಹಲವು ಕಾರ್ಖಾನೆ, ಪುರಸಭೆಗಳೊಡನೆ ವಾರ್ಷಿಕ ಕರಾರು ಮಾಡಿಕೊಂಡ ಸೇವಾ ಘಟಕಕ್ಕೆ ಅದು ಹೊಂದೀತು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು ಮಳೆಗಾಲದ ಮೊದಲು ಹಾಗೂ ನಂತರ ದೊಡ್ಡ ಅಣೆಕಟ್ಟುಗಳ ತಪಾಸಣೆಯನ್ನು ಕಡ್ಡಾಯಗೊಳಿಸಿದೆ. ಘಟಪ್ರಭೆಯ ಹಿಡಕಲ್ ಜಲಾಶಯ ಈ ವ್ಯಾಪ್ತಿಯಲ್ಲಿದ್ದು, ನೀರಿನಡಿಯ ಭಾಗಗಳ ಪರಿಶೀಲನೆಗೆ ಈ ಸಾಧನ ನೆರವಾಗಬಲ್ಲದು.

ಖರೀದಿಯ ದಿನವೂ ಮುಖ್ಯ. ಮೊದಲ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ಅರ್ಧ ಸವಕಳಿ ಮಾತ್ರ ದೊರೆಯುತ್ತದೆ. ಬಾಕಿ ವಸೂಲಿಯದು ಇನ್ನೂ ದೊಡ್ಡ ಪ್ರಶ್ನೆ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ, ಸಣ್ಣ ಸೇವಾ ಘಟಕಕ್ಕೆ 2006ರ ಕಾಯಿದೆಯಂತೆ ಗರಿಷ್ಠ 45 ದಿನಗಳಲ್ಲಿ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇವಲ ವ್ಯಾಪಾರಿಯಾಗಿ ನೋಂದಾಯಿಸಿದವರಿಗೆ ಈ ರಕ್ಷಣೆಯಿಲ್ಲ. ಅವರಿಗಿರುವುದು ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ. ಆದ್ದರಿಂದ ಅಂಗಡಿಯ ಹೆಸರಿನಲ್ಲಿಯೇ ಬಿಲ್ಲು ಬರೆಯುವ ಮುನ್ನ ನೋಂದಣಿ ಪತ್ರದಲ್ಲಿ ಚಟುವಟಿಕೆಯನ್ನು ಏನೆಂದು ನಮೂದಿಸಲಾಗಿದೆ ಎಂಬುದನ್ನು ಪರಿಶೀಲಿಸಿಕೊಳ್ಳುವುದು ಅವಶ್ಯ.