ಲೂಪಸ್ ಚಿಕಿತ್ಸೆ ಮತ್ತು ಸಂತಾನಶಕ್ತಿಯ ರಕ್ಷಣೆ

ಲೂಪಸ್ ಎಂಬುದು ದೇಹದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ವ್ಯಾಧಿ. ಕೀಲುನೋವು, ಬಿಸಿಲು ತಾಗಿದೊಡನೆ ಕೆನ್ನೆಗಳಲ್ಲಿ ಕೆಂಪು, ಕೂದಲುದುರುವಿಕೆ, ದಣಿವು ಇದರ ಸಾಮಾನ್ಯ ಲಕ್ಷಣಗಳು. ರೋಗಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಬಹುಪಾಲು ಮಕ್ಕಳನ್ನು ಹೆರುವ ವಯಸ್ಸಿನವರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ತಾಯಂದಿರು ಇಂತಹ ಮಗಳನ್ನು ಕರೆತಂದಾಗ ನಮ್ಮಲ್ಲಿ ಕೇಳುವುದು ಒಂದೇ ಪ್ರಶ್ನೆ: "ಇವಳಿಗೆ ಮುಂದೆ ಮಕ್ಕಳಾದಾವೇ?"

ವ್ಯಾಧಿಯು ಮೂತ್ರಪಿಂಡಕ್ಕೆ ತಗಲಿದಾಗ ಸೈಕ್ಲೋಫಾಸ್ಫಮೈಡ್ ಎಂಬ ಪ್ರಬಲ ಔಷಧ ಬೇಕಾಗಬಹುದು. ಅದು ಪ್ರಾಣವನ್ನು ಉಳಿಸುತ್ತದೆ. ಆದರೆ ಅಂಡಾಶಯಕ್ಕೆ ಹಾನಿ ಮಾಡಬಲ್ಲದು. ರೋಗಿಯ ವಯಸ್ಸು ಮತ್ತು ಔಷಧದ ಒಟ್ಟು ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ 6 ಬಾರಿ ಕೊಡುವ ಅಲ್ಪಪ್ರಮಾಣದ ಕ್ರಮದಲ್ಲಿ ಈ ಅಪಾಯ ಬಹಳ ಕಡಿಮೆ.

ತಿಂಗಳಿಗೊಮ್ಮೆ ಹೆಚ್ಚು ಪ್ರಮಾಣದಲ್ಲಿ ಕೊಡಬೇಕಾದಾಗ ಲ್ಯೂಪ್ರೋಲೈಡ್‌ನಂತಹ ಹಾರ್ಮೋನು ಚುಚ್ಚುಮದ್ದನ್ನು ಜೊತೆಗೆ ನೀಡಲಾಗುತ್ತದೆ. ಇದು ಅಂಡಾಶಯವನ್ನು ತಾತ್ಕಾಲಿಕ ವಿಶ್ರಾಂತಿಯಲ್ಲಿರಿಸುತ್ತದೆ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2020ರ ಮಾರ್ಗಸೂಚಿಯೂ ಇದನ್ನು ಸಲಹೆ ಮಾಡಿದೆ. ಚುಚ್ಚಿದ ಮೊದಲ ದಿನಗಳಲ್ಲಿ ಅಂಡಾಶಯ ಕೆರಳುವುದರಿಂದ, ಸೈಕ್ಲೋಫಾಸ್ಫಮೈಡ್‌ಗಿಂತ 10ರಿಂದ 14 ದಿನ ಮೊದಲೇ ಇದನ್ನು ಕೊಡುವುದು ಕ್ರಮ. ಮೂತ್ರಪಿಂಡದ ಸ್ಥಿತಿ ಗಂಭೀರವಾಗಿದ್ದರೆ ಮೊದಲ ಡೋಸನ್ನು ಇದಕ್ಕಾಗಿ ತಡಮಾಡಲಾಗದು; ಎರಡನೆಯದಕ್ಕೆ ಮುನ್ನ ಆರಂಭಿಸಬಹುದು.

ಈ ಅವಧಿಯಲ್ಲಿ ಮುಟ್ಟು ನಿಲ್ಲುತ್ತದೆ, ಮೈ ಬಿಸಿಯೇರಿದಂತಾಗುತ್ತದೆ. ಮುಟ್ಟು ನಿಂತಿತೆಂದು ಹೆದರಿ ಚುಚ್ಚುಮದ್ದನ್ನು ಬಿಡಬಾರದು. ಇದು ಸಂಪೂರ್ಣ ಖಾತರಿಯಲ್ಲ, ಗರ್ಭನಿರೋಧಕವೂ ಅಲ್ಲ. ವಿವಾಹಿತೆಯರು ಪ್ರತ್ಯೇಕ ಎಚ್ಚರ ವಹಿಸಬೇಕು.

ಆಯುರ್ವೇದ ವೈದ್ಯರಾಗಿಯೇ ನಾವು ಹೇಳುತ್ತೇವೆ: ಈ ಕೆಲಸಕ್ಕೆ ಬದಲಿಯಾಗುವ ಕಷಾಯವಿಲ್ಲ. ರೋಗನಿರೋಧಕ ಶಕ್ತಿ ಹೆಚ್ಚಲೆಂದು ಅಮೃತಬಳ್ಳಿ ಸೇವಿಸುವುದು ಲೂಪಸ್‌ನಲ್ಲಿ ಹಿತವಲ್ಲ. ಅದರಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು 2021ರಲ್ಲಿ ಮುಂಬಯಿಯಿಂದ ವರದಿಯಾಗಿವೆ. ಪಥ್ಯಾಹಾರ, ನಿದ್ರೆ, ಮನಶ್ಶಾಂತಿಗಳಲ್ಲಿ ನಮ್ಮ ಶಾಸ್ತ್ರ ನೆರವಾಗಬಲ್ಲದು.

ರೋಗ ಕನಿಷ್ಠ 6 ತಿಂಗಳು ಶಾಂತವಾಗಿದ್ದ ಮೇಲೆ, ವೈದ್ಯರ ಅನುಮತಿಯಿಂದ ಗರ್ಭಧಾರಣೆಯನ್ನು ಯೋಚಿಸಬಹುದು. ಮೈಕೋಫೆನೋಲೇಟ್ ಸೇವಿಸುವವರು ಅದನ್ನು ಮೊದಲೇ ಬದಲಿಸಿಕೊಳ್ಳಬೇಕು. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಸಾಮಾನ್ಯವಾಗಿ ಗರ್ಭಿಣಿಯರೂ ಮುಂದುವರಿಸುತ್ತಾರೆ.

ಸಂಬಂಧ ತಪ್ಪೀತೆಂದು ಮಗಳ ವ್ಯಾಧಿಯನ್ನು ಮುಚ್ಚಿಡಬೇಡಿರಿ. ಚಿಕಿತ್ಸೆಗಾಗಿ ಮಂಗಳೂರಿಗೆ ಹೋದಾಗ, ಮೊದಲ ಡೋಸಿಗೆ ಮುನ್ನವೇ, ಸಂತಾನಶಕ್ತಿಯ ರಕ್ಷಣೆಗೆ ಏನು ಮಾಡುವಿರೆಂದು ತಜ್ಞರನ್ನು ಕೇಳಿರಿ. ಸಂಕೋಚದಿಂದ ಕೇಳದೆ ಉಳಿದರೆ ಸಕಾಲ ಕೈತಪ್ಪೀತು.