ಕಡಲಾಚೆಯ ಉದ್ಯೋಗ: ತಪ್ಪು ಕಲ್ಪನೆ ಮತ್ತು ಸತ್ಯ

ಗದಗ-ಬೆಟಗೇರಿಯ ಓಣಿಗಳಲ್ಲಿ ಓದಿದ ಮಗನೊಬ್ಬನು ಕೆನಡಕ್ಕೋ ಅಮೆರಿಕೆಗೋ ಹೊರಟನೆಂದೊಡನೆ, “ಇನ್ನೇನ್ರೀ, ನಿಮ್ಮ ಹುಡುಗ ದಂಡಿ ಮುಟ್ಟಿದ!” ಎಂದು ನೆರೆಹೊರೆಯವರು ತಂದೆತಾಯಿಗಳನ್ನು ಅಭಿನಂದಿಸುವುದುಂಟು. ಕಲಿತ ವಿದ್ಯೆಯು ಕಲಿತವನ ಸಂಗಡವೇ ವಿಮಾನವೇರಿ, ಇಳಿದೆಡೆಯಲ್ಲಿ ಅದೇ ಗೌರವದ ಆಸನವನ್ನು ದೊರಕಿಸಿಕೊಡುವುದೆಂಬ ನಂಬಿಕೆ ಈ ಮಾತಿನೊಳಗೆ ಅಡಗಿದೆ. ವಸ್ತುಸ್ಥಿತಿ ಬೇರೆ. ಹುಬ್ಬಳ್ಳಿಯಲ್ಲಿ ವೈದ್ಯಪದವಿ ಪಡೆದು ವರ್ಷಗಟ್ಟಲೆ ರೋಗಿಗಳ ನಾಡಿ ಹಿಡಿದವನೂ ಅಮೆರಿಕೆಯಲ್ಲಿ ವೃತ್ತಿಗಿಳಿಯಬೇಕಾದರೆ, ಸಾಮಾನ್ಯವಾಗಿ ಪರೀಕ್ಷೆಗಳನ್ನು ಹೊಸದಾಗಿ ಬರೆದು, ರೆಸಿಡೆನ್ಸಿಯೆಂಬ ತರಬೇತಿಯಲ್ಲಿ ತನಗಿಂತ ಕಿರಿಯರ ಸಾಲಿನಲ್ಲಿ ಮತ್ತೆ ನಿಲ್ಲತಕ್ಕವನೇ. ಕೆನಡದಲ್ಲಿಯಾದರೋ ವೀಸಾ ಕೊಡುವವರು ಒಬ್ಬರು, ವೃತ್ತಿಯ ಅನುಮತಿ ಕೊಡುವವರು ಮತ್ತೊಬ್ಬರು.

“ಶಾಣ್ಯಾ ಇದ್ರ ಯಾಕ ಕೆಲಸ ಸಿಗೂದಿಲ್ಲ?” ಎಂಬುದು ಎರಡನೆಯ ಭ್ರಮೆ; ಇದು ಮೊದಲನೆಯದಕ್ಕಿಂತ ಕ್ರೂರವೂ ಹೌದು. ಸ್ಥಳೀಯ ಅನುಭವವಿಲ್ಲವೆಂದು ಅರ್ಹರನ್ನು ತಿರಸ್ಕರಿಸುವ ಪದ್ಧತಿಯು ಮೇಲ್ನೋಟಕ್ಕೇ ತಾರತಮ್ಯವೆಂದು ಕೆನಡದ ಒಂಟಾರಿಯೊ ಪ್ರಾಂತದ ಮಾನವ ಹಕ್ಕುಗಳ ಆಯೋಗವೇ 2013ರಲ್ಲಿ ಸಾರಬೇಕಾಯಿತು. ಅಮೆರಿಕೆಯಲ್ಲಿ ಗಂಡನ ಎಚ್-1ಬಿ ಎಂಬ ಉದ್ಯೋಗವೀಸಾವನ್ನು ಅವಲಂಬಿಸಿ ಹೋದ ಎಂಜಿನಿಯರ್ ಹೆಣ್ಣುಮಗಳು, ಆ ಅವಲಂಬಿತ ವೀಸಾದ ಮೇಲೆ 2015ರವರೆಗೆ ದುಡಿಯುವಂತೆಯೇ ಇರಲಿಲ್ಲ. ಆಮೇಲೆಯೂ, ಗಂಡನ ಗ್ರೀನ್ ಕಾರ್ಡಿನ ಕಾಗದಪತ್ರಗಳು ಒಂದು ಹಂತ ಮುಟ್ಟಿದವರಿಗೆ ಮಾತ್ರ ಅವಕಾಶವಾಯಿತು. ಇಲ್ಲಿ ಶಾಣ್ಯಾತನದ ಪ್ರಶ್ನೆಯೆಲ್ಲಿ?

ಮೌನವಾಗಿ ಸಹಿಸುವವನೇ ಧೀರ, ಹೇಳಿಕೊಂಡು ಅಳುವವನು ಅಶಕ್ತ ಎಂದೂ ಭಾವಿಸುತ್ತೇವೆ. ಆದರೆ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಜರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ಒತ್ತಡವನ್ನು ಎದುರಿಸುವ ಎರಡು ಬಗೆಗಳನ್ನು ವಿವೇಚಿಸಿದರು: ಕಷ್ಟದ ಕಾರಣಕ್ಕೇ ಕೈಹಾಕುವುದೊಂದು, ಕದಡಿದ ಮನಸ್ಸನ್ನು ಸಂತೈಸಿಕೊಳ್ಳುವುದೊಂದು. ಪರೀಕ್ಷೆಗೆ ಓದುವುದು ಮೊದಲನೆಯದು. ಕನ್ನಡ ಸಂಘದ ಗೆಳೆಯನೊಡನೆ ದುಃಖ ತೋಡಿಕೊಳ್ಳುವುದು ಎರಡನೆಯದು. ವೀಸಾದ ಸರದಿ ನಮ್ಮ ಕೈಮೀರಿದ್ದಾಗ ಎರಡನೆಯದೇ ವಿವೇಕ.

ವೃತ್ತಿ ಪಲ್ಲಟವಾದರೆ ಹಿಂದಿನ ವಿದ್ಯೆ ಮಣ್ಣುಪಾಲೆಂಬುದೂ ದಿಟವಲ್ಲ. ಬೆಳಗಾವಿಯಲ್ಲೊಮ್ಮೆ ಇಂಗ್ಲಿಷ್ ಕಲಿಸಿದ ಎ. ಕೆ. ರಾಮಾನುಜನ್ 1959ರಲ್ಲಿ ಅಮೆರಿಕೆಗೆ ತೆರಳಿ, ಭಾಷಾಶಾಸ್ತ್ರದಲ್ಲಿ 1963ರಲ್ಲಿ ಡಾಕ್ಟರೇಟ್ ಪಡೆದು, ಶಿಕಾಗೊದಲ್ಲಿ ಪ್ರಾಧ್ಯಾಪಕರಾಗಿಯೂ ವಚನಗಳ ಅನುವಾದಕರಾಗಿಯೂ ಬೆಳೆದರು. ಆದರೆ ಕೆಲಸವಿಲ್ಲದೆ ಕುಳಿತವನ ಮುಂದೆ ಈ ಉದಾಹರಣೆಯನ್ನು ಎತ್ತಕೂಡದು. ಅವರಿಗಿದ್ದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಊರುಗೋಲು ಎಲ್ಲರಿಗೂ ಇರುವುದಿಲ್ಲ.

ಈ ಸಂಕಟ ಕಡಲು ದಾಟಿದವರಿಗೆ ಮಾತ್ರವೆಂದು ಬಗೆಯುವವರು ನಮ್ಮ ಗದಗಿನ ನೆರೆಯನ್ನೇ ನೋಡಬಹುದು. ಮುಂಡರಗಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಅಧೀನವಾಗಿದ್ದವು; ಅವು 1948ರಲ್ಲಿ ಮುಂಬಯಿಯಲ್ಲಿ, 1956ರಲ್ಲಿ ಮೈಸೂರು ರಾಜ್ಯದಲ್ಲಿ ಲೀನವಾದಾಗ, ಸಂಸ್ಥಾನದ ದಫ್ತರಿನಲ್ಲಿ ಪಳಗಿದ್ದ ಕಾರಕೂನನು ಮನೆಯ ಹೊಸ್ತಿಲು ಬಿಡದೆಯೇ, ನಡುವಯಸ್ಸಿನಲ್ಲಿ, ಎರಡು ಸಲ ಹೊಸ ಸರಕಾರದ ಉಮೇದುವಾರನಾದನು.