ಬೆರೆತ ಕಡಲಲ್ಲಿ ಬೇರೆಯಾಗುವ ಚಿಪ್ಪುಜೀವಿ

ಕಡಲ ಚಿಪ್ಪುಜೀವಿಗಳ ಬದುಕನ್ನು ನೋಡಿದರೆ, ಅಕ್ಕಪಕ್ಕದ ತೀರಗಳಲ್ಲಿ ಬೇರೆ ಬೇರೆ ಜೀನ್‌ಗಳ ಗುಂಪುಗಳು ಉಳಿಯಲಾರವು ಎನ್ನಿಸುತ್ತದೆ. ನಮ್ಮ ಕರಾವಳಿಯ ಪಚ್ಚಿಲೆಯ ಕುಟುಂಬಕ್ಕೇ ಸೇರಿದ ಅಟ್ಲಾಂಟಿಕ್‌ನ ನೀಲಿ ಮಸೆಲ್ ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೇ ಬಿಡುತ್ತದೆ. ಅಲ್ಲೇ ಹುಟ್ಟಿದ ಲಾರ್ವಾಗಳು ವಾರಗಟ್ಟಲೆ ತೇಲಿ, ಎಲ್ಲೋ ಸಿಕ್ಕ ಬಂಡೆಗೆ ಅಂಟಿಕೊಳ್ಳುತ್ತವೆ. ಪ್ರತಿ ತಲೆಮಾರೂ ಹೀಗೆ ಕಲಸಿಹೋದರೆ ವ್ಯತ್ಯಾಸಕ್ಕೆ ಜಾಗವೆಲ್ಲಿ? ಆದರೂ ವ್ಯತ್ಯಾಸ ಇದೆ. ಅದನ್ನು ಕಾಯುತ್ತಿರುವುದು ಗಡಿಯಲ್ಲ, ಸಾವು ಎಂಬುದಕ್ಕೆ ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್ ಕೊಲ್ಲಿಯಲ್ಲಿ ಗಟ್ಟಿ ಪುರಾವೆ ಸಿಕ್ಕಿದೆ.

1970ರ ದಶಕದಲ್ಲಿ ಜೀವವಿಜ್ಞಾನಿ ರಿಚರ್ಡ್ ಕೋಯೆನ್ ಮತ್ತು ಸಂಗಡಿಗರು ಈ ಮಸೆಲ್‌ಗಳ ಒಂದು ಕಿಣ್ವದ ಬೆನ್ನು ಹತ್ತಿದರು. ಮಾಂಸದ ಚೂರನ್ನು ಅರೆದು, ಆ ರಸವನ್ನು ಪಿಷ್ಟದ ಜೆಲ್‌ಗೆ ಹಾಕಿ ವಿದ್ಯುತ್ ಹರಿಸಿದರೆ, ಜೀನ್‌ನ ವ್ಯತ್ಯಾಸದಿಂದ ಹುಟ್ಟಿದ ಕಿಣ್ವದ ಬೇರೆ ಬೇರೆ ರೂಪಗಳು ಬೇರೆ ಬೇರೆ ದೂರಕ್ಕೆ ಸರಿಯುತ್ತವೆ. ಬಣ್ಣ ಹಾಕಿದಾಗ ಪಟ್ಟೆಗಳಾಗಿ ಕಾಣುತ್ತವೆ. ಲ್ಯೂಸೀನ್ ಅಮಿನೋಪೆಪ್ಟಿಡೇಸ್ ಎಂಬ ಆ ಕಿಣ್ವದ ‘94’ ಎಂದು ಗುರುತಿಸಿದ ರೂಪ, ತೆರೆದ ಸಾಗರದ ಮಸೆಲ್‌ಗಳಲ್ಲಿ ಸುಮಾರು ಶೇ. 55ರಷ್ಟಿತ್ತು. ಕೊಲ್ಲಿಯ ಒಳಗೆ ಅದು ಶೇ. 15ರ ಆಸುಪಾಸಿಗೆ ಇಳಿದಿತ್ತು. ನಡುವೆ ಗೋಡೆಯಿಲ್ಲ, ಬೆಟ್ಟವಿಲ್ಲ. ನದಿಗಳ ಸಿಹಿನೀರು ಸೇರುವುದರಿಂದ ಕೊಲ್ಲಿಯ ನೀರಿನಲ್ಲಿ ಉಪ್ಪು ಕಡಿಮೆ, ಅಷ್ಟೇ.

ಸಾಗರದ ಲಾರ್ವಾಗಳು ಕೊಲ್ಲಿಯೊಳಗೆ ಬರುವುದೇ ಇಲ್ಲವೇನೋ ಎಂದು ಯಾರಾದರೂ ಕೇಳಬಹುದು. ಉತ್ತರ ಮರಿಗಳಲ್ಲೇ ಇತ್ತು. ಕೊಲ್ಲಿಯ ಬಂಡೆಗಳಿಗೆ ಆಗಷ್ಟೇ ಅಂಟಿಕೊಂಡ ಪುಟ್ಟ ಮಸೆಲ್‌ಗಳಲ್ಲಿ 94ರ ಪ್ರಮಾಣ ಸಾಗರದ್ದನ್ನೇ ಹೋಲುತ್ತಿತ್ತು. ತಿಂಗಳುಗಳು ಕಳೆದಂತೆ, ಬದುಕುಳಿದವುಗಳಲ್ಲಿ ಅದು ಇಳಿಯುತ್ತ ಹೋಯಿತು. ಅಂದರೆ ಮರಿಗಳು ಬಂದಿದ್ದವು, ಬಾಳಲಿಲ್ಲ. ದೊಡ್ಡವನ್ನಷ್ಟೇ ಹಿಡಿದು ಪರೀಕ್ಷಿಸಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ವಯಸ್ಸಿನ ಪ್ರಕಾರ ಬೇರ್ಪಡಿಸಿ ನೋಡುವ ಈ ಸರಳ ಎಚ್ಚರವೇ ಇಡೀ ಅಧ್ಯಯನದ ಜೀವಾಳ ಎಂದು ನನ್ನ ಅಭಿಪ್ರಾಯ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಅಣುಮಟ್ಟದ ಬಹುಪಾಲು ವ್ಯತ್ಯಾಸಗಳು ಜೀವಿಗೆ ಲಾಭವನ್ನೂ ಮಾಡುವುದಿಲ್ಲ, ನಷ್ಟವನ್ನೂ ಮಾಡುವುದಿಲ್ಲ ಎಂದು ಜಪಾನಿನ ತಳಿವಿಜ್ಞಾನಿ ಮೊಟೂ ಕಿಮುರ 1968ರಲ್ಲೇ ವಾದಿಸಿದ್ದರು. ಹಾಗಿದ್ದಲ್ಲಿ ಈ ಕಿಣ್ವಕ್ಕೇಕೆ ಇಷ್ಟು ಮಹತ್ವ? ಬಹುಪಾಲಿನ ಬಗ್ಗೆ ಕಿಮುರ ಹೇಳಿದ್ದು ಸರಿಯೇ ಇರಲಿ, ಇಲ್ಲಿ ಮಾತ್ರ ಸಾವಿನ ಕಾರಣವೇ ಕಣ್ಣಿಗೆ ಕಾಣುತ್ತದೆ. ಉಪ್ಪು ಹೆಚ್ಚಿರುವ ನೀರು ಜೀವಕೋಶದ ನೀರನ್ನು ಹೊರಗೆಳೆಯುತ್ತದೆ. ಅದನ್ನು ತಡೆಯಲು ಮಸೆಲ್ ತನ್ನ ಕೋಶಗಳಲ್ಲಿ ಅಮೈನೋ ಆಮ್ಲಗಳನ್ನು ತುಂಬಿಟ್ಟುಕೊಳ್ಳುತ್ತದೆ. ಪ್ರೋಟೀನಿನ ತುಣುಕುಗಳನ್ನು ಕತ್ತರಿಸಿ ಅವನ್ನು ಒದಗಿಸುವುದು ಈ ಕಿಣ್ವ. 94 ರೂಪ ಆ ಕೆಲಸದಲ್ಲಿ ಹೆಚ್ಚು ಚುರುಕು. ಸಾಗರದಲ್ಲಿ ಈ ಚುರುಕುತನ ಉಪಯುಕ್ತ. ಉಪ್ಪು ಕಡಿಮೆಯಾದ ಕೊಲ್ಲಿಯಲ್ಲಿ ಅದೇ ದುಂದುವೆಚ್ಚ: ಬೇಡವಾದ ಅಮೈನೋ ಆಮ್ಲ, ಅಮೋನಿಯಾ ರೂಪದಲ್ಲಿ ಸಾರಜನಕ ಮೈಯಿಂದ ಸೋರಿಹೋಗುತ್ತದೆ. ಶರತ್ಕಾಲದಲ್ಲಿ ಆಹಾರ ಸಾಲದಾದಾಗ ಇಂಥ ಮರಿಗಳು ಸೊರಗಿ ಸಾಯುತ್ತವೆ. ಪಕ್ಕದ ಇನ್ನೊಂದು ಜೀನ್‌ನ ಕೈವಾಡವೂ ಇರಬಹುದೆಂಬ ಸಂಶಯವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಕಿಣ್ವದ ಕೆಲಸ, ನೀರಿನ ಉಪ್ಪು, ಸಾವಿನ ಕಾಲ ಮೂರೂ ಒಂದೇ ಕಡೆ ಬೊಟ್ಟು ಮಾಡುತ್ತಿರುವಾಗ ಆ ಸಂಶಯಕ್ಕೆ ಹೆಚ್ಚು ಬಲವಿಲ್ಲ.

ಒಂದು ಕಿಣ್ವದ ಈ ವಿಚಾರ ಚಿಪ್ಪುಕೃಷಿಗೂ ಸಂಬಂಧಿಸಿದ್ದು. ಕಾಸರಗೋಡಿನ ಹಿನ್ನೀರುಗಳಲ್ಲಿ ಪಚ್ಚಿಲೆ ಬೆಳೆಸುವವರು ಕಡಲ ಬಂಡೆಗಳಿಂದ ಮರಿಗಳನ್ನು ತಂದು ಹಗ್ಗಗಳಿಗೆ ಕಟ್ಟುತ್ತಾರೆ. ಮಳೆನೀರು ನುಗ್ಗಿ ಉಪ್ಪು ಇಳಿಯುವ ಮೊದಲೇ ಕೊಯ್ಲು ಮುಗಿಸುತ್ತಾರೆ. ಮಸೆಲ್‌ನ ಫಲಿತಾಂಶವನ್ನು ಪಚ್ಚಿಲೆಗೆ ಹಾಗೆಯೇ ಅಂಟಿಸುವಂತಿಲ್ಲ. ಆದರೂ ಮರಿಗಳನ್ನು ಬೇರೆ ನೀರಿಗೆ ಸಾಗಿಸುವ ಮುನ್ನ, ‘ಕಡಲು ಒಂದೇ, ಜೀವಿಯೂ ಒಂದೇ’ ಎಂದು ಸಮಾಧಾನಪಟ್ಟುಕೊಳ್ಳುವ ಬದಲು, ಅದೇ ಬಂಡೆಯ ಮರಿಗಳನ್ನೂ ದೊಡ್ಡವನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷಿಸುವುದು ದುಬಾರಿ ಕೆಲಸವೇನಲ್ಲ.